ಕಲ್ಲು ಕಟ್ಟದ ಪಡವಲಕಾಯಿ

ತಿಪಟೂರು
2151ನೇ ಇಸವಿ, ಹದಿಮೂರನೆಯ ತಿಂಗಳು

ಮುತ್ತಜ್ಜ ಲೋಹಿತಾಶ್ವರಿಗೆ,

ಐ ಬೆಗ್ ಟು ಸ್ಟೇಟ್ ದಟ್... ಮುಂದಿನದು ಮರೆತುಹೋಯಿತು. ಕಾಲೇಜಿನ ಇಂಗ್ಲಿಷು ನನ್ನಲ್ಲಿ ಉಳಿದಿರುವುದೇ ಇಷ್ಟು. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ಹದಿಮೂರನೆಯ ತಿಂಗಳೆಂದರೆ ಹೊಲ ಸುಮ್ಮನಿರುವ, ನಾವು ಬೀಜ ತಂದು ತೋರಿಸುವ ತಿಂಗಳು. ನಿಮ್ಮ ಕಾಲದಲ್ಲಿ ಇರಲಿಲ್ಲ.

2026ರಲ್ಲಿ ನೀವು ಮರಿಗೌಡರ ಹೊಲದ ಪಾಲಿಗೆ ಸೇರಿದಿರಿ. ಆಯಾ ಕಾಲಕ್ಕೆ ಹೊಲ ಕೊಟ್ಟ ತರಕಾರಿ, ವಾರಕ್ಕೊಂದು ಬುಟ್ಟಿ. ಸೇರಿದ್ದು ಸರಿ. ಮೂರನೆಯ ವಾರಕ್ಕೇ ಬುಟ್ಟಿಯಲ್ಲಿ ಚೀಟಿ ಇಟ್ಟಿರಿ: "ಪಡವಲಕಾಯಿ ಬೇಡ. ಮನೇಲಿ ಯಾರೂ ಮುಟ್ಟಲ್ಲ. ಬದಲಿಗೆ ಬ್ರೊಕೊಲಿ ಕೊಡಿ." ಮುಂದಿನ ಬುಟ್ಟಿಯಲ್ಲಿ ಅದೇ ಚೀಟಿ ಮರಳಿತು, ಹಿಂದೆ ಗೌಡರ ಉತ್ತರ: "ಸ್ವಾಮಿ, ಇದು ಹೊಲ, ಅಂಗ್ಡಿ ಅಲ್ಲ. ಈ ಬಿಸ್ಲಲ್ಲಿ ಬ್ರೊಕೊಲಿ ನನ್ ತಲೆ ಮೇಲೆ ಬೆಳೀಲಾ?" ಆಗಲೂ ನಿಮಗೆ ನಾಚಿಕೆಯಾಗಲಿಲ್ಲ. ನಿಮ್ಮನ್ನು ನೋಡಿ ನಲವತ್ತು ಮನೆಗಳು ಚೀಟಿ ಬರೆದವು. ಗೌಡರು ಪಡವಲದ ಚಪ್ಪರ ಕಿತ್ತರು. ಮುತ್ತಜ್ಜಿ ಮಾತ್ರ ಕೊನೆಯ ಕಾಯಿಯ ಬೀಜ ಬೇಡಿ ತಂದು, ಅದೇ ಚೀಟಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರು.

ಈಗ ಪಾಲಿನ ಪ್ರತಿ ಮನೆಯೂ ಒಂದೊಂದು ತರಕಾರಿಗೆ 'ಬೀಜಮನೆ'. ಅದರ ಬೀಜ ಕಾಯುವುದು ಆ ಮನೆಯ ಹೊಣೆ. ನಮ್ಮದು ಪಡವಲ. ಬೇರೆ ಯಾರಲ್ಲೂ ಇಲ್ಲ. ತಿನ್ನುವ ಕಾಯಿ ನೆಟ್ಟಗೆ ಇಳಿಯಲೆಂದು ತುದಿಗೆ ಕಲ್ಲು ಕಟ್ಟುತ್ತೇವೆ. ಬೀಜದ ಕಾಯಿಗೆ ಕಟ್ಟುವುದಿಲ್ಲ. ಸುರುಳಿ ಸುತ್ತಿ ಹಣ್ಣಾಗಲೆಂದು ಬಿಡುತ್ತೇವೆ. ನನ್ನ ಹೆಂಡತಿ ಚೆಲುವಾಂಬೆ ಮೂವತ್ತೆಂಟು ವರ್ಷ ಹಾಗೆ ಕಾದಳು.

ಡಬ್ಬಿಯ ಬೀಜವನ್ನೆಲ್ಲ ಹಾಕಿದರೂ ಈ ಸಲ ಮೊಳೆತದ್ದು ಒಂದೇ ಬಳ್ಳಿ, ಹಿಡಿದದ್ದು ಒಂದೇ ಕಾಯಿ. ಕಲ್ಲು ಕಟ್ಟಿರಲಿಲ್ಲ. ಹಾಸಿಗೆ ಹಿಡಿದು ಅನ್ನ ಬಿಟ್ಟಿದ್ದವಳು ಪಡವಲಕಾಯಿ ಪಲ್ಯ ಬೇಕೆಂದಳು. ಹಣ್ಣಾಗುವ ಮೊದಲೇ ಕೊಯ್ದೆ. ಎರಡು ತುತ್ತು ತಿಂದು ನನ್ನ ಮುಖ ನೋಡಿದಳು.

"ಕಲ್ಲು ಕಟ್ಟಿದ್ದೇನ್ರೀ ಇದು?"

"ಹೂಂ" ಎಂದೆ.

"ಸುಳ್ಳು ಹೇಳೋಕೂ ಬರಲ್ಲ ನಿಮ್ಗೆ. ಕೊಯ್ದಾಯ್ತಲ್ಲ, ಇನ್ನೊಂದ್ ತುತ್ತು ಹಾಕಿ."

ಆ ವಾರವೇ ಹೋದಳು.

ನಾಳೆ ಬೀಜ ತೋರಿಸುವ ದಿನ. ಎಲ್ಲ ಮನೆಗಳೆದುರು ಖಾಲಿ ಡಬ್ಬಿ ತೆರೆಯಬೇಕು. ಕೊಯ್ದವನು ನಾನೇ, ಒಪ್ಪಿದೆ. ಆದರೆ ಆ ನಲವತ್ತು ಮನೆಗಳಲ್ಲೂ ಬೀಜ ಉಳಿದಿದ್ದರೆ, ಹೆಂಡತಿಗೆ ಮೂರು ತುತ್ತು ಉಣಿಸಿದ್ದು ತಪ್ಪಾಗುತ್ತಿತ್ತೇ ಮುತ್ತಜ್ಜ?

ಈ ಕಾಗದ ನಿಮ್ಮ ಆ ಮೂರನೆಯ ವಾರಕ್ಕೆ ಮುಟ್ಟಿದರೆ, ನಿಮ್ಮ ಬುಟ್ಟಿಗೆ ಪಡವಲ ಬರುತ್ತದೆ. ಚೀಟಿ ಬರೆಯಲು ಪೆನ್ನು ಹುಡುಕುತ್ತೀರಿ. ಬೇಡ. ಮುಖ ಸಿಂಡರಿಸಿಕೊಂಡಾದರೂ ತಿನ್ನಿ. ಆಮೇಲೆ ಹೊಲಕ್ಕೆ ಹೋಗಿ ಗೌಡರಿಗೆ ಹೇಳಿ, ಒಂದು ಕಾಯಿಗೆ ಕಲ್ಲು ಕಟ್ಟಬೇಡಿ ಎಂದು.

ಯುವರ್ಸ್ ಒಬೀಡಿಯೆಂಟ್ಲಿ ಎಂದು ಬರೆಯಲಾರೆ.

ನಿಮ್ಮ ಮರಿಮೊಮ್ಮಗ,
ಸೋಮಧರ