ಒಂದು ಸಹಿಯ ಶುಲ್ಕ

ಗ್ರೇವ್ಸೆಂಡ್, ಕೆಂಟ್
ನವೆಂಬರ್ ೧೭, ಭಾನುವಾರ

ವಿವರಗಳ ಹೇಳಿಕೆ

೧. ಬರೆಯುವವನು: ಬರ್ಟ್ರಮ್ ಪಾಸ್ಕ್, ತಂದೆ; ತರಕಾರಿ ತೋಟಗಾರರ ಸಂಘದ ನಿವೃತ್ತ ಕಾರ್ಯದರ್ಶಿ.
೨. ಓದುವವಳು: ಹೆಸ್ಟರ್ ಪಾಸ್ಕ್, ಮಗಳು, ಆರ್ಕ್ನಿ ದ್ವೀಪದಲ್ಲಿ ಹೆರಿಗೆ ನರ್ಸ್, ಈ ಊರಿನ ಫ್ಲಾಟನ್ನು ದೀರ್ಘಾವಧಿ ಗುತ್ತಿಗೆಯ ಮೇಲೆ ಕೊಂಡವಳು.
೩. ವಿವಾದ: ಸದರಿ ಫ್ಲಾಟನ್ನು ಒಳಬಾಡಿಗೆಗೆ ಕೊಡಲು ಕಟ್ಟಡದ ನೆಲಕ್ಕೆ ಒಡೆಯನಾದ ಕಂಪನಿಯು ವರ್ಷಂಪ್ರತಿ ವಸೂಲು ಮಾಡುವ ಅನುಮತಿ ಶುಲ್ಕ, ನೂರೈವತ್ತು ಪೌಂಡು.
೪. ತೀರ್ಪು: ನಮ್ಮ ಪರ. ಶುಲ್ಕವು ನಲವತ್ತಕ್ಕೆ ಇಳಿದಿದೆ.
೫. ಸಂತೋಷ: ಇಲ್ಲ.

ಪ್ರೀತಿಯ ಹೆಸ್ಟರ್,

ನಿನ್ನ ಕೈಗಳು ಹೇಗಿವೆ? ಆ ದ್ವೀಪದ ಗಾಳಿಗೆ ಬೆರಳ ಸಂದುಗಳು ಒಡೆದು ರಕ್ತ ಬರುತ್ತದೆಂದು ಹೇಳಿದ್ದೆ. ನಿನ್ನ ಅಮ್ಮ ಅಂದಿನಿಂದ ಮುಲಾಮಿನ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟುಕೊಂಡು ನಾನು ಅಂಚೆಗೆ ಹಾಕಲಿಲ್ಲವೆಂದು ಬೈಯುತ್ತಿದ್ದಾಳೆ. ಅವಳು ಕ್ಷೇಮ. ನನ್ನ ಮಂಡಿಯೂ ಪರವಾಗಿಲ್ಲ. ಇಂದು ಫೋನಿನಲ್ಲಿ ತೀರ್ಪಿನ ವಿಷಯ ಕೇಳಿದಾಗ ಗೆದ್ದೆವೆಂದಷ್ಟೇ ಹೇಳಿ ಫೋನನ್ನು ಅಮ್ಮನಿಗೆ ದಾಟಿಸಿದೆನಲ್ಲ, ಉಳಿದದ್ದನ್ನು ನಿನ್ನ ದನಿ ಕೇಳುತ್ತಾ ಹೇಳುವ ಧೈರ್ಯ ನನಗಿರಲಿಲ್ಲ.

ಮೊದಲ ವರ್ಷ ಆ ಕಂಪನಿಯ ಬಿಲ್ಲು ಬಂದಾಗ ನೀನು "ಅಪ್ಪಾ, ಜಗಳ ಬೇಡ, ಕಟ್ಟಿಬಿಡು" ಎಂದಿದ್ದೆ. ಮೂವತ್ತು ವರ್ಷ ಪುರಸಭೆಗೆ ಮನವಿ ಬರೆದ ಕೈ ಇದು. ಸಂಘದ ತೋಟಗಳಿಗೆ ನೀರಿನ ನಲ್ಲಿಗಳನ್ನೂ ಬೇಲಿಯನ್ನೂ ಬರವಣಿಗೆಯಿಂದಲೇ ತರಿಸಿದವನು ಸುಮ್ಮನೆ ಕಟ್ಟುವುದು ಹೇಗೆ? ಈ ವರ್ಷ ನಿನ್ನ ಪರವಾಗಿ ನ್ಯಾಯಮಂಡಳಿಗೆ ಅರ್ಜಿ ಹಾಕಿದೆ. ಅದರ ಒಂಬತ್ತನೆಯ ಕಲಮಿನ ಮೇಲೆ ನನಗೆ ಬಹಳ ಅಭಿಮಾನವಿತ್ತು: "ಒಂದು ಹಾಳೆಯ ಕೆಳಗೆ ಹೆಸರು ಗೀಚಿ ಹಣ ಕೇಳುವುದು ದುಡಿಮೆಯಲ್ಲ, ಅನ್ಯರ ಅಗತ್ಯದ ಮೇಲೆ ಹೇರಿದ ಸುಂಕ." ಊಟದ ಮೇಜಿನಲ್ಲಿ ಇದನ್ನು ಓದಿ ಹೇಳಿದಾಗ ನಿನ್ನ ಅಮ್ಮ ಬಟಾಣಿ ಬಡಿಸುತ್ತಾ, "ನೀವು ಹಾಲಿನವನಿಗೆ ಚೀಟಿ ಬರೆದ್ರೂ ಅದಕ್ಕೆ ಒಂಬತ್ತು ಕಲಂ ಇರ್ತವೆ" ಎಂದಳು.

ಕಂಪನಿಯವರು ಹಣ ಪಡೆದು ಏನೊಂದು ಕೆಲಸವನ್ನೂ ಮಾಡುವುದಿಲ್ಲವೆಂದು ಸ್ಥಾಪಿಸಲು ಬಾಡಿಗೆದಾರರಾದ ಮಿಸೆಸ್ ಒಫೋರಿಯವರನ್ನೇ ಶುಕ್ರವಾರದ ವಿಚಾರಣೆಗೆ ಸಾಕ್ಷಿಯಾಗಿ ಕರೆದೊಯ್ದೆ. ಆಕೆ ಕಾರು ಕಲಿಸುವವರು. ಅಂದಿನ ಪಾಠಗಳನ್ನೆಲ್ಲ ರದ್ದು ಮಾಡಿ, ಚರ್ಚಿಗೆ ತೊಡುವ ಹಳದಿ ಕೋಟು ತೊಟ್ಟು ಬಂದಿದ್ದರು. ಎಲ್ಲವನ್ನೂ ನಾನು ಬಯಸಿದಂತೆಯೇ ಹೇಳಿದರು. ಕೊನೆಗೆ ನ್ಯಾಯಾಧೀಶೆ, ಈ ಶುಲ್ಕದಿಂದ ಬಾಡಿಗೆದಾರರಾದ ನಿಮಗೇನಾದರೂ ತೊಂದರೆಯೇ ಎಂದು ಸಹಜವಾಗಿ ಕೇಳಿದರು.

"ಆಗದೆ ಇರುತ್ತಾ ಮೇಡಂ? ವರ್ಷಾ ವರ್ಷ ಅದನ್ನ ಕೊಡೋದು ನಾನೇ ತಾನೆ. ಮೇಲೆ ಪಾಸ್ಕ್ ಅವರ ಬರವಣಿಗೆ ಖರ್ಚು ಐವತ್ತು ಬೇರೆ. ಅದಕ್ಕೆ ನನಗೆ ಬೇಜಾರಿಲ್ಲ, ಪಾಪ, ಅವರು ಎಷ್ಟು ಚೆನ್ನಾಗಿ ಬರೀತಾರೆ."

ನನ್ನನ್ನು ಮೆಚ್ಚಿಸಲೆಂದೇ ಹೇಳಿದ ಮಾತು ಅದು. ಆಕೆಯನ್ನು ಹೊರಗೆ ಕಳುಹಿಸಿದ ಮೇಲೆ ನ್ಯಾಯಾಧೀಶೆ ನನ್ನ ಅರ್ಜಿಯ ಪುಟ ತಿರುವಿ ಒಂಬತ್ತನೆಯ ಕಲಮನ್ನು ನಿಧಾನವಾಗಿ, ಒಂದು ಪದವನ್ನೂ ಬಿಡದೆ, ಗಟ್ಟಿಯಾಗಿ ಓದಿದರು. ಕಂಪನಿಯ ಎಳೆಯ ವಕೀಲ ನನ್ನತ್ತ ನೋಡಲಿಲ್ಲ. ತಲೆ ತಗ್ಗಿಸಿ ತನ್ನ ಬೂಟಿನ ದಾರ ಸರಿಮಾಡಿಕೊಂಡ. ಅವನು ನಕ್ಕಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ.

"ಇದು ಇವತ್ತು ನನ್ನ ಮುಂದಿರೋ ವಿಷಯ ಅಲ್ಲ, ಮಿಸ್ಟರ್ ಪಾಸ್ಕ್," ಎಂದರು ನ್ಯಾಯಾಧೀಶೆ. "ಆದ್ರೆ ಬಾಡಿಗೆದಾರರ ಹತ್ರ ಇಂಥ ದುಡ್ಡು ತಗೊಳ್ಳೋದನ್ನ ಕಾನೂನು ನಿಲ್ಲಿಸಿದೆ. ಮನೆ ನಿಮ್ಮ ಮಗಳ ಹೆಸರಲ್ಲಿದೆ ಅನ್ನೋದನ್ನ ಮರೀಬೇಡಿ."

ಮಗಳೇ, ಆ ಕಾನೂನು ನನಗೆ ತಿಳಿದಿರಲಿಲ್ಲ. ಆದರೆ ತಿಳಿಯದಿದ್ದುದು ನನ್ನ ರಕ್ಷಣೆಗೆ ಬಾರದು. ಕಂಪನಿಯು ಕಾನೂನು ತಿಳಿದಿರಲಿಲ್ಲವೆಂದು ವಾದಿಸಿದ್ದರೆ ಅದರ ಮೇಲೆ ನಾನು ಹತ್ತನೆಯ ಕಲಮು ಬರೆಯುತ್ತಿದ್ದೆ. ಶುಲ್ಕವನ್ನು ನಿನ್ನ ಲೆಕ್ಕದಿಂದ ಕಟ್ಟಿದ್ದೇನೆಂದು ನೀನು ನಂಬಿದ್ದೆ. ಅದನ್ನು ಮಿಸೆಸ್ ಒಫೋರಿಯವರ ಮೇಲೆ ಹಾಕಿ, ನನ್ನ ಬರವಣಿಗೆಗೂ ಒಂದು ಬೆಲೆ ಇರಲೆಂದು ಐವತ್ತು ಸೇರಿಸಿದವನು ನಾನು. ಆಕೆ ದೂರು ಕೊಟ್ಟರೆ ದಂಡ ಬೀಳುವುದು ಮಾತ್ರ ನಿನಗೆ.

ತೀರ್ಪು ಅಂದೇ ಬಂತು. ಹಿಂತಿರುಗುವಾಗ ಆಕೆಯೇ ತಮ್ಮ ಕಾರಿನಲ್ಲಿ ಕರೆತಂದರು. ಕಲಿಸುವವರು ಕೂರುವ ಎಡಗಡೆಯ ಸೀಟು ನನ್ನದು. ಅಲ್ಲಿಯೂ ಒಂದು ಬ್ರೇಕು ಇರುತ್ತದೆ. ಗೆದ್ದಿರಲ್ಲ, ಇನ್ನು ನನಗೂ ಹೊರೆ ಕಡಿಮೆಯಾಯಿತೆಂದು ಆಕೆ ನಗುತ್ತಾ ಹೇಳುತ್ತಿದ್ದಂತೆ ನನ್ನ ಕಾಲು ತಾನಾಗಿ ಅದನ್ನು ಒತ್ತಿತು. ಕಾರು ರಸ್ತೆಯ ನಡುವೆ ನಿಂತಿತು. ಹಿಂದಿನವರು ಹಾರ್ನು ಹೊಡೆದರು. "ಹೇಳೋದೇನಾದ್ರೂ ಇದ್ರೆ ಬಾಯಲ್ಲಿ ಹೇಳಿ ಮಿಸ್ಟರ್ ಪಾಸ್ಕ್, ಕಾಲಲ್ಲಿ ಬೇಡ," ಎಂದರು. ನಾನು ಮಂಡಿ ನೋವೆಂದೆ.

ಮರುದಿನ ಆಕೆಯಿಂದ ಪಡೆದ ಹಣವನ್ನೆಲ್ಲ ಬ್ಯಾಂಕಿನಿಂದ ತಂದು ಲಕೋಟೆಯಲ್ಲಿಟ್ಟು, ಜೊತೆಗೆ ಆಕೆಗೊಂದು ಪತ್ರ ಬರೆದೆ. "ನಮ್ಮ ಯಾವುದೇ ಹಕ್ಕಿಗೆ ಬಾಧೆಯಿಲ್ಲದಂತೆ" ಎಂದು ಅದರ ಆರಂಭ. ನಿನ್ನ ಅಮ್ಮ ಓದಿ, ನಾಲ್ಕು ತುಂಡು ಮಾಡಿ, ಆಲೂಗಡ್ಡೆ ಸಿಪ್ಪೆಯ ಬುಟ್ಟಿಗೆ ಹಾಕಿ, "ಕ್ಷಮಿಸಿ ಅನ್ನೋ ಮಾತು ಇದರಲ್ಲಿ ಎಲ್ಲಿದೆ, ತೋರಿಸಿ," ಎಂದಳು. ಇರಲಿಲ್ಲ. ಎರಡು ಪುಟದಲ್ಲಿ ಎಲ್ಲಿಯೂ ಇರಲಿಲ್ಲ.

ಅದನ್ನು ಮೊದಲು ನಿನಗೆ ಬರೆಯುತ್ತೇನೆ: ಕ್ಷಮಿಸು. ಕೈಗೆ ಮುಲಾಮು ಹಚ್ಚಿಕೊ. ಡಬ್ಬಿ ಬೇರೆ ಕಟ್ಟಿನಲ್ಲಿ ಬರುತ್ತದೆ. ನಿನ್ನ ಕೈಯಲ್ಲಿ ಹುಟ್ಟುವ ಕೂಸುಗಳೆಲ್ಲ ಸುಖವಾಗಿರಲಿ, ನೀನೂ.

ಮರೆತ ಮಾತಲ್ಲ, ಅವಸರದ ಮಾತು, ಸೋಮವಾರ ಬೆಳಿಗ್ಗೆ: ಇದನ್ನು ಅಂಚೆಗೆ ಹಾಕುವ ಮೊದಲು ಕಾಗದವಿಲ್ಲದೆ ಫ್ಲಾಟಿಗೆ ಹೋಗಿ, ಬಾಗಿಲಲ್ಲೇ ನಿಂತು ಬಾಯಲ್ಲಿ ಹೇಳಿದೆ. ನೀವು ದೂರು ಕೊಡಬಹುದು ಎಂಬುದನ್ನೂ ಹೇಳಿದೆ. ಆಕೆ ಹಣವನ್ನು ಎಣಿಸದೆ ಕೋಟಿನ ಜೇಬಿಗಿಟ್ಟರು. ದೂರಿನ ಮಾತೆತ್ತಲಿಲ್ಲ. "ನಿಮ್ಮ ಮಗಳಿಗೆ ಗೊತ್ತೇ ಇರ್ಲಿಲ್ವಾ? ಪ್ರತಿ ಸಲ ಕೊಡೋವಾಗ ನಾನು ಅವಳನ್ನೇ ಬೈಕೊಳ್ತಿದ್ದೆ. ಅಪ್ಪ ಇಷ್ಟು ಒಳ್ಳೆಯವರು, ಮಗಳು ಹೀಗ್ಯಾಕೆ ಅಂತ." ಹೆಸ್ಟರ್, ಆಕೆಗೆ ನೀನೇ ಒಂದು ಸಾಲು ಬರೆ. ನನ್ನ ಹೆಸರು ಹೇಳಿಯೇ ಬರೆ. ಇನ್ನು ಮುಂದೆ ಆ ಮನೆಯ ಕಾಗದಗಳಿಗೆ ನೀನೇ ಸಹಿ ಹಾಕು.

ನಿನ್ನ ತಂದೆ,
ಬರ್ಟ್ರಮ್ ಪಾಸ್ಕ್

ಲಗತ್ತು:
೧. ನಿನ್ನ ಪರವಾಗಿ ಸಹಿ ಮಾಡಲು ನೀನು ನನಗೆ ಬರೆದುಕೊಟ್ಟಿದ್ದ ಅಧಿಕಾರ ಪತ್ರ, ಮೂಲ ಪ್ರತಿ.