ಹಗೇವಿಗೆ ಇಳಿದ ಆಲೂಗೆಡ್ಡೆ

ಸಂತೇಬೆನ್ನೂರು, 1944

ಆಲೂಗೆಡ್ಡೆ ಮೊಳೆಯದಂತೆ ಕಾಯುವ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಮ್ಮ ಕೇರಿಯ ಕರಿಯಕ್ಕ ತನ್ನ ಮೂರು ಮೂಟೆ ಬಿತ್ತನೆ ಗೆಡ್ಡೆಯನ್ನು ಸೋಮವಾರದೊಳಗೆ ಹಗೇವಿಗೆ ಸುರಿದು ಅದರ ಬಾಯಿ ಮುಚ್ಚಬೇಕು, ತಪ್ಪಿದರೆ ಜಪ್ತಿ ಎಂದು ಹುಕುಂ ಕಳಿಸಿದ್ದೀರಿ. ದಯವಿಟ್ಟು ಹಿಂದಕ್ಕೆ ಪಡೆಯಿರಿ. ಇಡೀ ಕೇರಿಗೆ ಬಿತ್ತಲು ಉಳಿದಿರುವುದು ಅಷ್ಟೇ.

ತಪ್ಪಿನಲ್ಲಿ ನನ್ನ ಪಾಲೂ ಇದೆ. ಯುದ್ಧಕಾಲದಲ್ಲಿ ಒಂದು ಗೆಡ್ಡೆಯೂ ಹಾಳಾಗಬಾರದೆಂಬ ತಮ್ಮ ಕರಪತ್ರವನ್ನು ಚಾವಡಿಯಲ್ಲಿ ಓದಿ ಹೇಳಿದವನು ನಾನೇ. 'ಕತ್ತಲೆಯೂ ತಂಪೂ ಇರುವ ಸ್ಥಳದಲ್ಲಿ ಶೇಖರಿಸತಕ್ಕದ್ದು' ಎಂದಿತ್ತು. ಅಂಥ ಸ್ಥಳ ನಮ್ಮೂರಲ್ಲಿ ಯಾವುದು? ನೆಲದೊಳಗೆ ರಾಗಿ, ಜೋಳ ತುಂಬಿ ಬಾಯಿಗೆ ಮಣ್ಣು ಮೆತ್ತುವ ಹಗೇವು ತಾನೆ? ಎದ್ದು ನಿಂತು ಹಾಗೆಂದೇ ಹೇಳಿಬಿಟ್ಟೆ. ಮೂವತ್ತು ವರ್ಷ ಪಾಠ ಹೇಳಿದ ಬಾಯಿ ಸುಮ್ಮನಿರುತ್ತದೆಯೇ? ಎಲ್ಲರೂ ನಂಬಿದರು. ಕರಿಯಕ್ಕ ಮಾತ್ರ, "ಅದೇನು ರಾಗಿ ಐತೇನ್ರಿ ಮೇಷ್ಟ್ರೇ? ಗೆಡ್ಡೆಗೂ ಗಾಳಿ ಬೇಕ್ರೀ" ಎಂದು ತನ್ನದನ್ನು ಅಟ್ಟಕ್ಕೆ ಏರಿಸಿದಳು.

ಆಮೇಲೆ ತಾವು ದಯಮಾಡಿಸಿದಿರಿ. ಮುಚ್ಚಿದ ಹಗೇವಿನ ಮೇಲೆ ಬೂಟುಗಾಲಲ್ಲಿ ನಿಂತು, ಒಳಗಿನದನ್ನು ನೋಡದೆಯೇ 'ಮಾದರಿ ವ್ಯವಸ್ಥೆ' ಎಂದು ಬರೆದುಕೊಂಡಿರಿ. ಅಟ್ಟದ ಗೆಡ್ಡೆ ಮಾದರಿಗೆ ಹೊರತೆಂದು ಈ ಹುಕುಂ! ಮೊನ್ನೆ ಹಗೇವು ತೆಗೆದೆವು. ವಾಸನೆಗೆ ನಮ್ಮ ಕೇರಿಯ ರೈತ ದಾಸಪ್ಪನ ಎತ್ತುಗಳು ಹಗ್ಗ ಕಿತ್ತುಕೊಂಡು ಓಡಿದವು. ಮುಕ್ಕಾಲು ಪಾಲು ಕೊಳೆತಿತ್ತು, ಮಿಕ್ಕದ್ದರ ಮೊಳಕೆ ಗೇಣುದ್ದ, ಹಿಡಿದರೆ ಮುರಿಯುವಷ್ಟು ಬಡಕಲು. ಮಣ್ಣಿಗೆ ಇಳಿಸಿದರೆ ಬಿತ್ತಿದರು ಎಂದಲ್ಲದೆ ಪಾಪ, ಗೆಡ್ಡೆ ಇನ್ನೇನು ತಿಳಿದೀತು? ಅದಕ್ಕೆ ಕರಪತ್ರ ಓದಲು ಬರುತ್ತದೆಯೇ? ಬಿತ್ತನೆಯನ್ನೆಲ್ಲ ಕಳೆದುಕೊಂಡ ದಾಸಪ್ಪ ಕೊಳೆತದ್ದನ್ನು ತಿಪ್ಪೆಗೆ ಹೊರುತ್ತಲೇ ನನಗೆ ನೆರಳಲ್ಲಿ ಕೂರಲು ಹೇಳಿದ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ನಾಚಿಕೆ ಬಿಟ್ಟು ಕರಿಯಕ್ಕನ ಅಟ್ಟ ಹತ್ತಿದೆ. ಬಿದಿರ ತಟ್ಟಿಯ ಮೇಲೆ ಒಣಗಿದ ಬೇವಿನ ಸೊಪ್ಪು, ಅದರ ಮೇಲೆ ತೆಳ್ಳಗೆ ಹರಡಿದ ಗೆಡ್ಡೆ, ಬೆಳಕು ಬೀಳದಂತೆ ಗೋಣಿತಾಟು. ಎಂಟು ದಿನಕ್ಕೊಮ್ಮೆ ಕೈಯಾಡಿಸಿ ಕೆಟ್ಟದ್ದನ್ನು ಆರಿಸಿ ಎಸೆಯುತ್ತಾಳಂತೆ. ಮೊಳಕೆ ಕಂಡದ್ದು ನಾಲ್ಕೈದರಲ್ಲಿ. ಇದನ್ನು ಯಾವ ಇಲಾಖೆ ಕಲಿಸಿತು ಎಂದು ನಾನು ಕೇಳಲಿಲ್ಲ.

ಹುಕುಂ ಓದಿ ಹೇಳಿದಾಗ ಆಕೆ ಜಗಳವಾಡಲಿಲ್ಲ. ಅರ್ಧ ಮೂಟೆ ಆಗಲೇ ದಾಸಪ್ಪನಿಗೆಂದು ಬೇರೆ ತೆಗೆದಿಟ್ಟಿದ್ದಳು. "ಸರ್ಕಾರ ಹಾಕು ಅಂದ್ರೆ ಹಾಕ್ತೀನಿ ಮೇಷ್ಟ್ರೇ. ಆಮೇಲೆ ನಾವೆಲ್ಲ ಬಿತ್ತಾಕೆ ಏನೈತೆ, ಅದ್ನೂ ಅವರನ್ನೇ ಕೇಳಿ ಹೇಳ್ರಿ" ಎಂದಳು.

ಕೇಳಿದ್ದೇನೆ. ಸೋಮವಾರದೊಳಗೆ ಉತ್ತರ ಕೊಡಿ, ಇಲ್ಲವೇ ಹುಕುಂ ರದ್ದು ಮಾಡಿ. ಅವಳ ಮುಖ ನೋಡಿ ಇನ್ನೊಂದು ಕಾಗದ ಓದುವ ಧೈರ್ಯ ನನಗಿಲ್ಲ.

ಇಂತಿ,
ಓದು ಬಂದ ತಪ್ಪಿಗೆ ಊರಿನ ಗೆಡ್ಡೆ ಕೊಳೆಸಿದ
ನಿವೃತ್ತ ಉಪಾಧ್ಯಾಯ ಜಯದೇವಪ್ಪ