ಓರೆ ತಿರುಗುವ ಹಲಗೆ

ಕೈವೆಲಾ ಟೌನ್‌ಶಿಪ್, ಉತ್ತರ ಮಿನ್ನೆಸೋಟ
೨೭ ಮಾರ್ಚ್ ೨೦೧೪

ಪ್ರೀತಿಯ ಹಿಲ್ಮಾ,

ಕೊಟ್ಟ ಮಾತು: ರಸ್ತೆಯಲ್ಲಿ ಒಂದೇ ಒಂದು ಅಂಚೆ ಡಬ್ಬಿ ಇದ್ದರೂ ಟೌನ್‌ಶಿಪ್ಪಿನ ಲಾರಿ ಬಂದು ಹಿಮ ತಳ್ಳುತ್ತದೆ. ಕೊಟ್ಟವನು ಅಧ್ಯಕ್ಷ ರೋಲ್ಫ್ ಹೌಗನ್, ಚುನಾವಣೆಗೆ ಮುಂಚೆ, ನನ್ನ ಅಡುಗೆಮನೆಯಲ್ಲಿ, ನಾನು ಬೇಯಿಸಿದ ಏಲಕ್ಕಿ ಬ್ರೆಡ್ಡನ್ನು ಬಾಯಿತುಂಬ ತುಂಬಿಕೊಂಡು. ಇನ್ನೊಂದು ಮಾತು: ಉರ್ಹೊನ ಡಯಾಲಿಸಿಸ್ ಇರುವ ಬೆಳಿಗ್ಗೆಗಳಲ್ಲಿ ನಮ್ಮ ರಸ್ತೆಗೇ ಮೊದಲ ಸರದಿ. ನಿರಾಕರಿಸಿದ್ದು: ಎರಡನ್ನೂ. ಹೇಳಿದ ಕಾರಣ: ಕವಲಿನಿಂದಾಚೆ ಈಗ ಉಳಿದಿರುವುದು ನಮ್ಮದೊಂದೇ ಮನೆ.

ಹೇಗಿದ್ದೀಯ ಎಂದು ಕೇಳುವ ಮೊದಲೇ ಜಗಳಕ್ಕೆ ಇಳಿದೆ, ಕ್ಷಮಿಸು. ಬರೆಯಲು ತಡವಾಯಿತು. ಎರಡು ವಾರದಿಂದ ನನ್ನ ಕೈ ಎಣ್ಣೆಯಿಂದ ಹೊರಗೆ ಬಂದಿಲ್ಲ. ನೀನು ವಾರ್ಷಿಕ ಸಭೆಯಲ್ಲಿ ಇರಲಿಲ್ಲವಲ್ಲ, ಅಲ್ಲಿಂದಲೇ ಹೇಳುತ್ತೇನೆ.

ಎಂದಿನಂತೆ ಮೊದಲು ಕಾಫಿ, ಆಪಲ್ ಪೈ. ಆಮೇಲೆ ಹೌಗನ್ ನಿಂತು, "ಒಂದು ಮನೆಗೋಸ್ಕರ ಒಂದು ಲಾರಿ ಓಡಿಸೋಕಾಗುತ್ತಾ, ನೀವೇ ಹೇಳಿ" ಎಂದ. ನಾನೂ ಎದ್ದೆ. "ಒಂದು ಮನೆಗೋಸ್ಕರ ಅಲ್ಲ ರೋಲ್ಫ್, ಒಂದು ಜೀವಕ್ಕೋಸ್ಕರ, ನನ್ನ ಗಂಡನ ಜೀವಕ್ಕೋಸ್ಕರ. ತೆರಿಗೆ ಕಟ್ಟಿಸಿಕೊಳ್ಳುವಾಗ ನಮ್ಮನೆ ಎಷ್ಟು ದೂರ ಅಂತ ಕೇಳಿದ್ಯಾ?" ಎಂದೆ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನಗುವುದೇನೋ ನಕ್ಕರು. ಕೈ ಎತ್ತುವ ಹೊತ್ತಿಗೆ ನಮ್ಮ ಪರ ಒಂದು ಕೈ ಕಮ್ಮಿಯಾಯಿತು. ಒಂದೇ ಒಂದು. ಮುಂದಿನ ಚಳಿಗಾಲಕ್ಕೂ ನಮ್ಮ ರಸ್ತೆಗೆ ಲಾರಿ ಇಲ್ಲ ಎಂದು ಬರೆದುಕೊಂಡರು.

ಆ ವಾರವೇ ಮಾರ್ಚ್ ತಿಂಗಳ ಒದ್ದೆ ಹಿಮ ಬಿತ್ತು, ಸಿಮೆಂಟಿನ ಹಾಗೆ ಭಾರ. ಡಿಸೆಂಬರಿನಿಂದ ನಾನು ನಮ್ಮ ಪುಟ್ಟ ಟ್ರಾಕ್ಟರಿನಲ್ಲೇ ರಸ್ತೆ ತೆರೆದಿಡುತ್ತಿದ್ದೇನೆ. ಹಿಮ ತಳ್ಳುವ ಹಲಗೆ ಉರ್ಹೊ ಮಾಡಿದ್ದು. ಗಣಿಯವರು ಎಸೆದ ದೊಡ್ಡ ಕೊಳವೆಯನ್ನು ಉದ್ದಕ್ಕೆ ಸೀಳಿ, ಮೈಗೆ ಕಾಯಿಲೆ ಬರುವ ಮುಂಚೆ ಬೆಸುಗೆ ಹಾಕಿದ್ದ. ಬಲವಾದದ್ದೇ. ಆದರೆ ಅದನ್ನು ಓರೆ ಮಾಡಬೇಕಾದರೆ ಇಳಿಯಬೇಕು, ಹೆಪ್ಪುಗಟ್ಟಿದ ಗೂಟವನ್ನು ಸುತ್ತಿಗೆಯಿಂದ ಹೊಡೆದು ಕೀಳಬೇಕು, ಹಲಗೆಯನ್ನು ಒದ್ದು ತಿರುಗಿಸಬೇಕು, ಮತ್ತೆ ಗೂಟ ಬಡಿಯಬೇಕು. ನಮ್ಮ ರಸ್ತೆಯ ಒಂದು ಬದಿಗೆ ಜೌಗಿನ ಕಾಲುವೆ ಇರುವುದು ನಿನಗೆ ಗೊತ್ತಲ್ಲ. ಅದನ್ನು ಹಿಮದಿಂದ ಮುಚ್ಚಿದರೆ ಕರಗುವ ಕಾಲಕ್ಕೆ ನೀರು ರಸ್ತೆಯನ್ನೇ ತಿಂದುಬಿಡುತ್ತದೆ. ಹಿಮವೆಲ್ಲ ಕಾಡಿನ ಬದಿಗೇ ಬೀಳಬೇಕು. ಅಂದರೆ ಹೋಗುವಾಗ ಹಲಗೆ ಬಲಕ್ಕೆ ಓರೆ, ಬರುವಾಗ ಎಡಕ್ಕೆ. ಪ್ರತಿ ಸಲ ಇಳಿ, ಹೊಡೆ, ಒದೆ, ಹತ್ತು. ನನ್ನ ಸೊಂಟ ಮುಷ್ಕರ ಹೂಡಿತು.

"ಟ್ರಾಕ್ಟರಿನ ಮಣ್ಣೆತ್ತೋ ಬಕೆಟ್ ಬಿಚ್ಚಿಟ್ಟಿದ್ದೀವಲ್ಲ, ಅದನ್ನ ಒತ್ತಡದಿಂದ ಮಗುಚೋ ಎಣ್ಣೆ ಸುಮ್ನೆ ಕೂತಿದೆ. ಅದಕ್ಕೇ ಒಂದು ಪಿಸ್ಟನ್ ಜೋಡಿಸು. ಕೂತಲ್ಲೇ ಲಿವರ್ ಎಳೆದ್ರೆ ಹಲಗೆ ತಿರುಗುತ್ತೆ" ಎಂದ ಉರ್ಹೊ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು. ಅವನ ಎಡಗೈಯಲ್ಲಿ ಡಯಾಲಿಸಿಸ್ ಸೂಜಿಗೆಂದು ಮಾಡಿದ ನರವಿದೆ, ಅದರಲ್ಲಿ ಭಾರ ಎತ್ತುವಂತಿಲ್ಲ. ನಾಲಿಗೆಗೆ ಮಾತ್ರ ಯಾವ ಡಾಕ್ಟರೂ ನಿಷೇಧ ಹೇರಿಲ್ಲ. ಕೊಟ್ಟಿಗೆಯ ಬಾಗಿಲು ತೆರೆದಿಟ್ಟು ಬೆಸುಗೆ ಹಾಕುತ್ತಿದ್ದರೆ ಅಲ್ಲಿಂದಲೇ ಕೂಗುತ್ತಿದ್ದ, "ಸೈಮೀ, ಅದು ಬೆಸುಗೆನಾ, ಹಕ್ಕಿ ಹಿಕ್ಕೆನಾ?" ಗಣಿಯಲ್ಲಿ ಆಯುಷ್ಯವಿಡೀ ಬೆಸುಗೆ ಹಾಕಿದವಳಿಗೆ ಈ ಮಾತು!

ಹಳೆಯ ಹುಲ್ಲು ಕಟ್ಟುವ ಯಂತ್ರದಿಂದ ಪಿಸ್ಟನ್ ಕಿತ್ತೆ. ಚೌಕಟ್ಟಿಗೆ ತೂತಿರುವ ಕಬ್ಬಿಣದ ಒಂದು ಕಿವಿ, ಹಲಗೆಯ ಬೆನ್ನಿಗೆ ಒಂದು ಕಿವಿ, ನಡುವೆ ಪಿಸ್ಟನ್. ಎಣ್ಣೆ ಹರಿಯುವ ರಬ್ಬರ್ ಹೋಸುಗಳನ್ನು ಸೇರಿಸಿದೆ. "ಒತ್ತಡ ಬಿಡೋ ಕವಾಟ ಹಾಕಿದ್ಯಾ? ಹಲಗೆ ಮೂಲೆ ಯಾವುದಕ್ಕಾದ್ರೂ ತಗುಲಿದ್ರೆ ಎಣ್ಣೆ ಹೋಗೋಕೆ ದಾರಿ ಬೇಕು ಕಣೇ" ಎಂದ. "ಅದು ತರೋಕೆ ಡುಲೂತ್‌ಗೆ ಹೋಗಬೇಕು, ಆಮೇಲೆ ಹಾಕ್ತೀನಿ" ಎಂದೆ. ಲಿವರ್ ಎಡಕ್ಕೆ ಎಳೆದೆ. ಹಲಗೆ ಬಲಕ್ಕೆ ತಿರುಗಿತು. ಹೋಸುಗಳು ಅದಲು ಬದಲಾಗಿದ್ದವು. ಉರ್ಹೊ ಕೆಮ್ಮುವವರೆಗೂ ನಕ್ಕ. "ಇರಲಿ ಬಿಡೇ, ನಾವು ಓಟು ಹಾಕಿದ ಪಕ್ಷಾನೂ ಹಿಂಗೇ. ಅಭ್ಯಾಸ ಇದೆ."

ಮೊದಲ ದಿನ ಹಬ್ಬ. ಇಳಿಯಲಿಲ್ಲ, ಸುತ್ತಿಗೆ ಮುಟ್ಟಲಿಲ್ಲ, ಹಿಮ ಕಾಡಿನ ಬದಿಗೆ ಸುರುಳಿ ಸುತ್ತಿ ಹಾರಿತು. ಎರಡನೆಯ ಸಲ ಹೊರಟದ್ದು ಡಯಾಲಿಸಿಸ್ ಬೆಳಿಗ್ಗೆ. ತಿರುವಿನಲ್ಲಿ ಹಿಮದೊಳಗೆ ಅಡಗಿದ್ದ ಬರ್ಚ್ ಮರದ ಬುಡಕ್ಕೆ ಹಲಗೆಯ ಮೂಲೆ ಬಡಿಯಿತು. ಎಣ್ಣೆಗೆ ಹೋಗಲು ದಾರಿಯಿಲ್ಲ. ಹೋಸ್ ಢಂ ಎಂದು ಸೀಳಿ ನನ್ನ ಮುಖದಿಂದ ಬೂಟಿನವರೆಗೆ ಎಣ್ಣೆ. ಕವಲಿನಲ್ಲಿ ಆಸ್ಪತ್ರೆಯ ವ್ಯಾನು ಬಂದು ನಿಂತು ಹಾರ್ನ್ ಹೊಡೆಯುತ್ತಿದೆ. ಹಿಮ ತಳ್ಳದ ರಸ್ತೆಗೆ ಅದು ಇಳಿಯುವಂತಿಲ್ಲ, ಅದು ಅವರ ನಿಯಮ. ಮನೆಗೆ ಓಡಿ, ನನ್ನಮ್ಮ ಸಂತೆಗೆ ಹೋಗುತ್ತಿದ್ದ ಒದೆಬಂಡಿಯನ್ನು ಎಳೆದು ತಂದೆ. ಮುಂದೆ ಕುರ್ಚಿ, ಹಿಂದೆ ನಿಂತು ಒದೆಯುವ ಆ ಜಾರುಬಂಡಿ. ಕುರ್ಚಿಯಲ್ಲಿ ಉರ್ಹೊನನ್ನು ಕಂಬಳಿ ಸುತ್ತಿ ಕೂರಿಸಿ, ಹಿಂದೆ ನಿಂತು ನೆಲ ಒದ್ದೆ, ಹೂತಲ್ಲಿ ತಳ್ಳಿದೆ, ಬಿದ್ದೆ, ಮತ್ತೆ ತಳ್ಳಿದೆ. "ಮದುವೆ ದಿನ ಇಷ್ಟು ಜೋರಾಗಿ ಓಡಿಸ್ಲಿಲ್ಲ ನನ್ನ" ಎಂದ. ತುಟಿ ನೀಲಿಯಾಗಿತ್ತು. ವ್ಯಾನಿನ ಹೆಂಗಸು ಒಳ್ಳೆಯವಳು, ಕಾದಿದ್ದಳು. ಆದರೂ ತಡವಾಗಿ ಹೋದವನಿಗೆ ಅಂದು ಯಂತ್ರದಲ್ಲಿ ಪೂರ್ತಿ ಹೊತ್ತು ಸಿಗಲಿಲ್ಲ. ಆ ವಾರವಿಡೀ ಕಾಲು ಊದಿತ್ತು.

ಡುಲೂತ್‌ಗೆ ಹೋಗಿ ಕವಾಟ ತಂದೆ, ಹಾಕಿದೆ. ಈಗ ಹಲಗೆ ಬುಡಕ್ಕೆ ತಗುಲಿದರೆ ತಾನೇ ಬಾಗಿ ಹಿಂದಕ್ಕೆ ಸರಿಯುತ್ತದೆ, ಹೋಸ್ ಉಳಿಯುತ್ತದೆ. ಮೊನ್ನೆ ಭಾನುವಾರ ಹೌಗನ್ ತನ್ನ ಪಿಕಪ್ಪಿನಲ್ಲಿ ನೋಡಲು ಬಂದ. ಹಲಗೆಯ ಸುತ್ತ ಎರಡು ಸುತ್ತು ಹಾಕಿ, ಲಿವರ್ ಎಳೆದು ನೋಡಿ, "ಅಬ್ಬಾ ಸೈಮಿ, ಕಾರ್ಖಾನೆ ಮಾಲಿನ ಹಾಗಿದೆ! ನೋಡಿದ್ಯಾ, ಟೌನ್‌ಶಿಪ್ ಇಲ್ದೇನೂ ನಡೆಯುತ್ತೆ. ನಿಮ್ಮದೇ ವ್ಯವಸ್ಥೆ ಆಯ್ತಲ್ಲ!" ಎಂದ.

ಹಿಲ್ಮಾ, ನನ್ನ ರಕ್ತ ಕುದಿಯಿತು. ಇವರು ಕೈ ಬಿಟ್ಟರು, ನಾವು ಮುಳುಗಲಿಲ್ಲ. ಮುಳುಗದಿರುವುದೇ ಕೈ ಬಿಟ್ಟದ್ದು ಸರಿ ಎನ್ನಲು ಸಾಕ್ಷಿಯಂತೆ! ಉಪವಾಸ ಇದ್ದವನು ಗೆಣಸು ಅಗೆದು ತಿಂದರೆ, ಅವನಿಗೆ ಅನ್ನ ಬೇಡ ಎಂದು ಬರೆದುಕೊಳ್ಳುವ ಜನ.

"ನನಗೆ ಅರವತ್ತೇಳು ರೋಲ್ಫ್. ನಾನು ಬಿದ್ದ ದಿನ ಈ ಲಿವರ್ ಎಳೆಯೋನು ನೀನಾ?" ಎಂದೆ.

"ಚಳಿಗಾಲಕ್ಕೆ ಊರಲ್ಲೊಂದು ಅಪಾರ್ಟ್‌ಮೆಂಟ್ ನೋಡಬಹುದಲ್ವಾ?"

ಒಳಗಿನಿಂದ ಉರ್ಹೊ ಕೂಗಿದ, "ಅಲ್ಲಿ ಹಬೆ ಸ್ನಾನಕ್ಕೆ ಸೌನಾ ಇದ್ಯಾ ಕೇಳು! ಇಲ್ದಿದ್ರೆ ಅವನನ್ನೇ ಅಲ್ಲಿಗೆ ಕಳಿಸು!"

ಹೌಗನ್ ಟೋಪಿ ಸರಿಮಾಡಿಕೊಂಡು ಹೋದ. ಮರುದಿನವೇ ಮನೆ ಮನೆ ತಿರುಗಿ ಸಹಿ ಹಾಕಿಸಿದೆ. ನಿಯಮಕ್ಕೆ ಬೇಕಾದಷ್ಟು ಸಹಿ ಬಿದ್ದಿವೆ, ಇನ್ನು ಅವರು ವಿಶೇಷ ಸಭೆ ಕರೆಯಲೇಬೇಕು. ಕರೆದೂ ಇದ್ದಾರೆ.

ಮುಷ್ಕರದ ದಿನಗಳಲ್ಲಿ ಗಣಿಯ ಗೇಟಿನ ಮುಂದೆ ನಾವಿಬ್ಬರೂ ಒಂದೇ ಕಂಬಳಿ ಹೊದ್ದು ನಿಂತವರು. ನಿನ್ನ ಮೊಣಕಾಲು ಬೇಗ ಗುಣವಾಗಲಿ, ನಿನ್ನ ಒಲೆ ಆರದಿರಲಿ. ಉರ್ಹೊ ನಿನ್ನನ್ನು ಕೇಳಿದನೆಂದು ಬರೆಯಲು ಹೇಳಿದ್ದಾನೆ.

ನಿನ್ನ,
ಸೈಮಿ

ಮರೆತಿದ್ದಲ್ಲ, ಕೊನೆಗೆ ಇಟ್ಟುಕೊಂಡದ್ದು: ವಾರ್ಷಿಕ ಸಭೆಯ ದಿನ ನಿನ್ನ ಕಾರು ಶುರುವಾಗಲಿಲ್ಲ ಎಂದು ನೀನು ಫೋನಿನಲ್ಲಿ ಹೇಳಿಟ್ಟಿದ್ದೆ. ಸೋತು ವಾಪಸು ಬರುವಾಗ ನಾನು ನಿನ್ನ ಮನೆಯ ಮುಂದೆಯೇ ಬಂದೆ. ಟೌನ್‌ಶಿಪ್ಪಿನ ಲಾರಿ ನಿನ್ನ ಅಂಗಳದೊಳಗೆ ಹಿಮ ತಳ್ಳುತ್ತಿತ್ತು. ಖಾಸಗಿ ಅಂಗಳಕ್ಕೆ ಅದು ಇಳಿಯುವಂತಿಲ್ಲ, ನಿನಗೂ ಗೊತ್ತು. ನೀನು ಬಾಗಿಲಲ್ಲಿ ನಿಂತು ಡ್ರೈವರನಿಗೆ ಕಾಫಿ ಕೊಡುತ್ತಿದ್ದೆ. ನಿನ್ನ ಕಾರು ಹೊಗೆ ಬಿಡುತ್ತ ಬೆಚ್ಚಗೆ ನಿಂತಿತ್ತು. ನೀನು ಸಭೆಗೆ ಬಂದು ನನ್ನ ವಿರುದ್ಧ ಕೈ ಎತ್ತಿದ್ದರೆ ಎದುರಿಗೇ ಬೈದು, ಸಂಜೆ ಜೊತೆಗೆ ಕಾಫಿ ಕುಡಿಯುತ್ತಿದ್ದೆ. ನೀನು ಕೈಯನ್ನು ಮಡಿಲಲ್ಲಿಟ್ಟುಕೊಂಡು ಮನೆಯಲ್ಲೇ ಕೂತೆ. ಇದನ್ನು ಉರ್ಹೊನಿಗೆ ಹೇಳಿಲ್ಲ. ಹೇಳುವುದೂ ಇಲ್ಲ. ಪರವಾಗಿಯೋ ವಿರುದ್ಧವಾಗಿಯೋ, ಈ ಸಲ ಬಂದು ನನ್ನ ಕಣ್ಣೆದುರು ಕೈ ಎತ್ತು. ಏಪ್ರಿಲ್ ಇಪ್ಪತ್ತೆರಡು, ಮಂಗಳವಾರ, ಸಂಜೆ ಏಳು ಗಂಟೆಗೆ, ಟೌನ್ ಹಾಲಿನಲ್ಲಿ.